ಗೇಣಿ ಜಮೀನಿನಲ್ಲಿ ಹಸು ಸಾಕಣೆ: ಮೊದಲು ಲೆಕ್ಕ ಹಾಕಿರಿ

ಬ್ಯಾಕೋಡಿನ ಸುತ್ತ ಬ್ಯಾಣವನ್ನು ಗೇಣಿಗೆ ಹಿಡಿದು ಹಸು ಸಾಕುವ ಯೋಚನೆಯಿದ್ದರೆ ಮೊದಲು ಕಾನೂನನ್ನು ತಿಳಿಯಿರಿ. 1974ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಭೂಸುಧಾರಣಾ ಕಾಯ್ದೆಯಲ್ಲಿ ಹೈನುಗಾರಿಕೆಯೂ ದನ ಮೇಯಿಸುವುದೂ ಕೃಷಿಯೇ. ಬಾಯಿಮಾತಿನ ಗೇಣಿಯನ್ನು ನಂಬಿ ಕೊಟ್ಟಿಗೆ ಕಟ್ಟಿದರೆ, ಮಾಲೀಕರು ಜಾಗ ಬಿಡಿ ಎಂದ ದಿನ ಹಾಕಿದ ಹಣ ಹೋದಂತೆಯೇ.

ಆದುದರಿಂದ ಕೊಟ್ಟಿಗೆ ಸ್ವಂತ ಜಾಗದಲ್ಲಿರಲಿ. ನೆರೆಯವರಿಂದ ಜಮೀನನ್ನಲ್ಲ, ಕೊಯ್ದ ಹುಲ್ಲನ್ನು ಕೊಳ್ಳಿರಿ.

ಮಿಶ್ರತಳಿಯ ಒಂದು ಹಸುವಿಗೆ ದಿನಕ್ಕೆ ಸುಮಾರು 25 ಕಿಲೋ ಹಸಿರು ಮೇವು, 5 ಕಿಲೋ ಒಣಹುಲ್ಲು ಬೇಕು. ಎರಡು ಹಸುಗಳಿಗೆ ವರ್ಷಕ್ಕೆ 36 ಕ್ವಿಂಟಲಿಗೂ ಹೆಚ್ಚು ಒಣಹುಲ್ಲಾಯಿತು. ಇದನ್ನು ಬತ್ತದ ಕೊಯ್ಲಿನಲ್ಲೇ ಕೊಂಡು ಸೋರದ ಮಾಡಿನಡಿ ಒಟ್ಟಿಡಿರಿ. ಬೂಷ್ಟು ಹಿಡಿದ ಹುಲ್ಲು ಹಾಕಬಾರದು. ಮೇವಿನ ಅನುಕೂಲ ಸಾಲದಿದ್ದರೆ ಮಲೆನಾಡು ಗಿಡ್ಡವೇ ಮೇಲು. ಹಾಲು ಕಡಿಮೆ, ಖರ್ಚೂ ಕಡಿಮೆ. ಅಡಿಕೆ ತೋಟಕ್ಕೆ ಸಿಗುವ ಗೊಬ್ಬರವನ್ನೂ ಆದಾಯಕ್ಕೆ ಸೇರಿಸಿರಿ.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯದೆ ಹಿಂಡಿ ತರಬಹುದು, ಹಾಲು ಸಾಗಿಸಬಹುದು. ಆದರೂ ಹಾಲು ಕೊಳ್ಳುವವರು ಯಾರೆಂಬುದು ಗೊತ್ತಾದ ನಂತರವೇ ಹಸು ತನ್ನಿರಿ.