ನೀರು ಕುಡಿಯದ ಇಲಿ ಮತ್ತು ನಮ್ಮ ಮೂತ್ರಪಿಂಡ

ಉಮರ್ಗಾ, ನಿಲಂಗಾ, ಉದಗೀರ ಕಡೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1956ರವರೆಗೆ ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಗಡಿ ಬದಲಾಯಿತು. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ ಎನ್ನುವ ಬಾಳು ಎಷ್ಟೋ ಮನೆಗಳಲ್ಲಿ ಹಾಗೇ ಉಳಿಯಿತು; ಬೇಸಿಗೆಯ ನೀರಡಿಕೆಯೂ ಉಳಿಯಿತು. 2016ರ ಬರಗಾಲದಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತಂದದ್ದು ನಿಮಗೆ ನೆನಪಿರಬಹುದು. ಏಪ್ರಿಲ್ 12ರಂದು ಬಂದ ಮೊದಲ ಗಾಡಿಯಲ್ಲಿ ಸುಮಾರು 5 ಲಕ್ಷ ಲೀಟರ್ ನೀರಿತ್ತು.

ಇಂಥ ಸೀಮೆಯಲ್ಲಿ ಮನೆಯ ಹೆಣ್ಣುಮಕ್ಕಳು ಒಂದು ಲೆಕ್ಕ ಹಾಕುತ್ತಾರೆ. ಇರುವ ನೀರು ಮೊದಲು ಮಕ್ಕಳಿಗೆ, ಆಮೇಲೆ ಗಂಡಸರಿಗೆ, ಆಮೇಲೆ ಎಮ್ಮೆಗೆ, ಉಳಿದರೆ ತಮಗೆ. ಹೊಲದ ಕೂಲಿಗೆ ಹೋದವರದು ಇನ್ನೊಂದು ಲೆಕ್ಕ: ನೀರು ಕುಡಿದರೆ ಮರೆಗೆ ಹೋಗಬೇಕು, ಮರೆ ಎಲ್ಲಿದೆ? ಆದ್ದರಿಂದ ಕುಡಿಯದೇ ಇರುವುದೇ ಮೇಲು. ಸಂಜೆಗೆ ತಲೆನೋವು, ಉರಿಮೂತ್ರ. ಕೆಲವು ವರ್ಷ ಕಳೆದರೆ ಮರಾಠಿಯಲ್ಲಿ ‘ಮುತಖಡಾ’ ಎನ್ನುವ ಮೂತ್ರದ ಕಲ್ಲು. ಆದರೂ ಎಲ್ಲರೂ ಹಾಸಿಗೆ ಹಿಡಿಯುವುದಿಲ್ಲವಲ್ಲ, ಹೇಗೆ? ನೀರು ಕಡಿಮೆಯಾದ ದಿನ ನಮ್ಮ ದೇಹ ಹೇಗೆ ನಿಭಾಯಿಸುತ್ತದೆ? ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಹಲವು ದಶಕ ದುಡಿದ ಒಬ್ಬ ಮಹಿಳೆಯ ಕಥೆ ಇದು.

ಮೊದಲು ಮೂತ್ರಪಿಂಡದ ಬಗ್ಗೆ ಎರಡು ಮಾತು. ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡೂ ಪಕ್ಕಕ್ಕೆ, ಮುಷ್ಟಿಗಾತ್ರದ ಎರಡು ಪಿಂಡಗಳು. ಒಂದೊಂದರಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಕೊಳವೆಗಳು. ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ನಾವು ಹೊರಗೆ ಬಿಡುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದದ್ದೆಲ್ಲ ರಕ್ತಕ್ಕೇ ವಾಪಸು. ಸೋಸುವ ಗುಂಡು ಕಣಗಳನ್ನು 1666ರಲ್ಲಿ ಮೊದಲು ವರ್ಣಿಸಿದ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಮುಂದೆ ಜಗದ್ಗುರು ಹನ್ನೆರಡನೇ ಇನ್ನೊಸೆಂಟರ ವೈದ್ಯರಾಗಿದ್ದವರು. ಇನ್ನೊಂದು ಸಂಗತಿ: ದೇವರು ಮನುಷ್ಯನ ಹೃದಯವನ್ನೂ ಅಂತರಂಗವನ್ನೂ ಪರಿಶೋಧಿಸುತ್ತಾರೆಂದು ಯೆರೆಮೀಯನ ಗ್ರಂಥದಲ್ಲಿ ಓದುತ್ತೇವೆ. ಅಲ್ಲಿ ‘ಅಂತರಂಗ’ ಎನ್ನುವಲ್ಲಿ ಮೂಲ ಹೀಬ್ರೂ ಭಾಷೆಯಲ್ಲಿರುವ ಪದ ‘ಮೂತ್ರಪಿಂಡ’ ಎಂದೇ. ಮನುಷ್ಯನ ಅತಿ ಗುಟ್ಟಿನ ಭಾವನೆಗಳ ಮನೆ ಅದೆಂದು ಆ ಜನ ತಿಳಿದಿದ್ದರು.

ನಮ್ಮ ಕಥೆಯ ಮಹಿಳೆ ಬೋಡಿಲ್ ಶ್ಮಿಟ್-ನೀಲ್ಸನ್. 1918ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹುಟ್ಟಿದರು. ತಂದೆ ಆಗಸ್ಟ್ ಕ್ರೋಗ್, 1920ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ. ತಾಯಿ ಮರೀ ಕ್ರೋಗ್ ವೈದ್ಯೆ, ಸ್ವತಃ ಸಂಶೋಧಕಿ. ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಇನ್ಸುಲಿನ್ ಎಂಬ ಹೊಸ ಔಷಧಿಯ ಸುದ್ದಿ ಕೇಳಿ ಈ ದಂಪತಿ 1922ರಲ್ಲಿ ಅಮೆರಿಕ ಖಂಡಕ್ಕೆ ಹೋಗಿ ಅದನ್ನು ತಯಾರಿಸುವ ಅನುಮತಿ ತಂದರು; ಡೆನ್ಮಾರ್ಕಿನಲ್ಲಿ ಇನ್ಸುಲಿನ್ ತಯಾರಿಕೆ ಶುರುವಾದದ್ದು ಹಾಗೆ. ಇಂಥ ಮನೆಯಲ್ಲಿ ಬೆಳೆದ ಬೋಡಿಲ್ ಕಲಿತದ್ದು ಮಾತ್ರ ದಂತವೈದ್ಯ. ಹಲ್ಲಿನ ಡಾಕ್ಟರರಾಗಬೇಕಿದ್ದವರು ಮೂತ್ರಪಿಂಡದ ಕಡೆ ತಿರುಗಿದ್ದು ಒಂದು ಇಲಿಯಿಂದ.

1939ರಲ್ಲಿ ಅವರು ತಂದೆಯ ಬಳಿ ಅಭ್ಯಾಸ ಮಾಡುತ್ತಿದ್ದ ಕ್ನೂಟ್ ಶ್ಮಿಟ್-ನೀಲ್ಸನ್ ಅವರನ್ನು ಮದುವೆಯಾದರು. ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಇಬ್ಬರೂ ಅಮೆರಿಕಕ್ಕೆ ಹೋದರು. ಅರಿಜೋನಾದ ಮರುಭೂಮಿಯಲ್ಲಿ ‘ಕಾಂಗರೂ ಇಲಿ’ ಎಂಬ ಪುಟ್ಟ ಪ್ರಾಣಿ ಇದೆ. ಹಿಂಗಾಲ ಮೇಲೆ ಕುಪ್ಪಳಿಸುತ್ತದೆ, ಒಣಗಿದ ಕಾಳು ತಿನ್ನುತ್ತದೆ, ಬದುಕಿಡೀ ನೀರು ಕುಡಿಯದೆ ಇರಬಲ್ಲದು. ಅದು ಎಲ್ಲೋ ಕದ್ದು ಕುಡಿಯುತ್ತದೆ, ಮೈಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ ಎಂದೆಲ್ಲ ಜನ ಊಹಿಸುತ್ತಿದ್ದರು. ಈ ದಂಪತಿ ಊಹೆಯನ್ನು ಬಿಟ್ಟು ತಕ್ಕಡಿ ಹಿಡಿದರು.

ಲೆಕ್ಕ ಸ್ವಾರಸ್ಯವಾಗಿದೆ. ಕಾಳು ದೇಹದಲ್ಲಿ ಕರಗಿ ಶಕ್ತಿಯಾಗುವಾಗ ನೀರೂ ಹುಟ್ಟುತ್ತದೆ: 100 ಗ್ರಾಂ ಜವೆಗೋಧಿಯಿಂದ ಸುಮಾರು 54 ಗ್ರಾಂ ನೀರು. ಇಲಿಗೆ ಬರುವ ಆದಾಯ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಅದು ಖರ್ಚನ್ನು ಕಡಿಮೆ ಮಾಡುತ್ತದೆ. ಹಗಲೆಲ್ಲ ತಂಪಾದ ಬಿಲದಲ್ಲಿ ಇರುತ್ತದೆ, ಬೆವರುವುದಿಲ್ಲ, ಹಿಕ್ಕೆ ಒಣ. ಎಲ್ಲಕ್ಕಿಂತ ದೊಡ್ಡ ಉಳಿತಾಯ ಮೂತ್ರದಲ್ಲಿ. ಮನುಷ್ಯನ ಮೂತ್ರ ಹೆಚ್ಚೆಂದರೆ ರಕ್ತಕ್ಕಿಂತ ನಾಲ್ಕು ಪಟ್ಟು ಗಟ್ಟಿಯಾಗಬಲ್ಲದು. ಈ ಇಲಿಯದು ಅದಕ್ಕಿಂತ ಬಹಳ ಹೆಚ್ಚು ಗಟ್ಟಿಯಾಗಬಲ್ಲದು. ನಿಜವೇ ಎಂದು ನೋಡಲು ಅವರು ಇಲಿಗೆ ಸೋಯಾಬೀನ್ ತಿನ್ನಿಸಿದರು. (ಹೌದು, ಉದಗೀರ, ಲಾತೂರಿನ ಅಡತಿಗಳಲ್ಲಿ ರಾಶಿ ಬೀಳುವ ಅದೇ ಸೋಯಾಬೀನ್.) ಅದರಲ್ಲಿ ಪ್ರೋಟೀನು ಹೆಚ್ಚು, ಹಾಗಾಗಿ ಹೊರಹಾಕಬೇಕಾದ ಯೂರಿಯಾವೂ ಹೆಚ್ಚು. ಈಗ ಇಲಿಗೂ ನೀರು ಬೇಕೇ ಬೇಕಾಯಿತು. ಆಗ ಕುಡಿಯಲು ಕೊಟ್ಟದ್ದು ಸಮುದ್ರದ ನೀರು! ನಾವು ಕುಡಿದರೆ ಉಪ್ಪು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರು ಖರ್ಚಾಗಿ ಸಾಯುತ್ತೇವೆ. ಇಲಿ ಆರಾಮವಾಗಿ ಬದುಕಿತು. 1950ರಲ್ಲಿ ಇದು ಪ್ರಕಟವಾಯಿತು.

1953-54ರಲ್ಲಿ ಅವರು ಒಂಟೆಯನ್ನು ಅಭ್ಯಾಸ ಮಾಡಲು ಸಹಾರಾ ಮರುಭೂಮಿಗೆ ಹೋದರು. ತಂಗಿದ್ದು ಅಲ್ಜೀರಿಯಾದ ಬೇನಿ ಅಬ್ಬೆಸ್ ಎಂಬ ಊರಿನಲ್ಲಿ. ಈ ಹೆಸರು ನಮ್ಮವರಲ್ಲಿ ಕೆಲವರಿಗೆ ಗೊತ್ತಿರಬಹುದು. 1901ರಲ್ಲಿ ಸಂತ ಚಾರ್ಲ್ಸ್ ದ ಫೂಕೋ ತಮ್ಮ ಆಶ್ರಮ ಕಟ್ಟಿಕೊಂಡ ಊರು ಅದೇ. ನಮ್ಮ ಭಾರತದ ದೇವಸಹಾಯಂ ಪಿಳ್ಳೆಯವರ ಜೊತೆಯಲ್ಲೇ, 2022ರ ಮೇ 15ರಂದು, ಅವರಿಗೂ ಸಂತ ಪದವಿ ದೊರೆಯಿತು. ಪ್ರಾರ್ಥನೆಗೆ ಒಬ್ಬರು, ಒಂಟೆಯ ಮೂತ್ರ ಅಳೆಯಲು ಇನ್ನೊಬ್ಬರು, ಅರ್ಧ ಶತಮಾನದ ಅಂತರದಲ್ಲಿ ಅದೇ ಮರಳಿಗೆ ಬಂದರು. ಅಲ್ಲಿ ಕಂಡ ಒಂದು ಸಂಗತಿ: ಮೇವಿನಲ್ಲಿ ಪ್ರೋಟೀನು ಕಡಿಮೆಯಾದಾಗ ಒಂಟೆ ಯೂರಿಯಾವನ್ನು ಹೊರಗೆ ಚೆಲ್ಲುವುದೇ ಇಲ್ಲ ಎನ್ನಬಹುದು. ಹೊಟ್ಟೆಗೆ ಹಿಂದಕ್ಕೆ ಕಳಿಸಿ ಮತ್ತೆ ಪ್ರೋಟೀನು ಮಾಡಿಕೊಳ್ಳುತ್ತದೆ. ಮೂತ್ರಪಿಂಡ ಬರೀ ಜರಡಿಯಲ್ಲ, ಏನನ್ನು ಬಿಡಬೇಕು ಏನನ್ನು ಇಟ್ಟುಕೊಳ್ಳಬೇಕು ಎಂದು ಹೊತ್ತುಹೊತ್ತಿಗೆ ಹೊಂದಿಸಿಕೊಳ್ಳುತ್ತದೆ ಎಂಬುದಕ್ಕೆ ಇದು ದೊಡ್ಡ ಸಾಕ್ಷಿಯಾಯಿತು.

ಹಾಗಾದರೆ ಮೂತ್ರ ಗಟ್ಟಿಯಾಗುವುದು ಹೇಗೆ? ಹೆಂಗಳೆಯರಿಗೆ ಇದು ಬೇಗ ತಿಳಿದೀತು. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಮರುದಿನ ಜಾಡಿಯಲ್ಲಿ ನೀರು ನಿಂತಿರುತ್ತದೆ. ಉಪ್ಪು ಹೋಳಿನೊಳಗಿನ ನೀರನ್ನು ಎಳೆದಿರುತ್ತದೆ. ಮೂತ್ರಪಿಂಡದ ಒಳಭಾಗವೂ ಇಂಥ ಒಂದು ಉಪ್ಪಿನ ಜಾಡಿ. ಅಲ್ಲಿ ಕೊಳವೆಗಳು ಕೂದಲಿನ ಪಿನ್ನಿನ ಹಾಗೆ ಕೆಳಗಿಳಿದು, ತಿರುಗಿ, ಮೇಲೆ ಬರುತ್ತವೆ. ಮೇಲೇರುವ ಕೊಳವೆ ಉಪ್ಪನ್ನು ಹೊರಗೆ ತಳ್ಳುತ್ತದೆ, ನೀರನ್ನು ಬಿಡುವುದಿಲ್ಲ. ಪಕ್ಕದಲ್ಲೇ ಇಳಿಯುವ ಕೊಳವೆಯಿಂದ ಆ ಉಪ್ಪು ನೀರನ್ನು ಎಳೆಯುತ್ತದೆ. ಹಾಗೆ ಗಟ್ಟಿಯಾದ ದ್ರವ ತಿರುವು ದಾಟಿ ಮೇಲೇರುವಾಗ ಇನ್ನಷ್ಟು ಉಪ್ಪನ್ನು ಒದಗಿಸುತ್ತದೆ. ಒಂದೊಂದು ಮೆಟ್ಟಿಲಿನಲ್ಲಿ ಸ್ವಲ್ಪಸ್ವಲ್ಪವೇ ಕೂಡುತ್ತ, ತಳದಲ್ಲಿ ಉಪ್ಪು ಬಹಳ ಗಟ್ಟಿಯಾಗುತ್ತದೆ. ಕೊನೆಗೆ ಮೂತ್ರ ಹೊರಹೋಗುವ ನಾಳ ಈ ಜಾಡಿಯ ನಡುವೆಯೇ ಹಾದು ಹೋಗಬೇಕು. ನೀರು ಕಡಿಮೆಯಾದ ದಿನ ಮಿದುಳಿನಿಂದ ವಾಸೊಪ್ರೆಸಿನ್ ಎಂಬ ರಸ ಬಂದು ಆ ನಾಳದ ಬಾಗಿಲು ತೆರೆಯುತ್ತದೆ, ನೀರು ಒಳಕ್ಕೆ ಉಳಿಯುತ್ತದೆ. ಇಂಥ ನೀರಿನ ಬಾಗಿಲುಗಳನ್ನು ಪತ್ತೆಹಚ್ಚಿದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಈ ಎದುರುಬದುರು ಹರಿವಿನ ಲೆಕ್ಕವನ್ನು ಮೊದಲು ಮುಂದಿಟ್ಟವರು ಸ್ವಿಟ್ಜರ್ಲೆಂಡಿನ ವೆರ್ನರ್ ಕೂನ್ ಮತ್ತು ಸಂಗಡಿಗರು. ಕೊಳವೆಯೊಳಗೇ ಸೂಜಿ ಚುಚ್ಚಿ 1959ರಲ್ಲಿ ಗಟ್ಟಿ ಸಾಕ್ಷ್ಯ ಕೊಟ್ಟವರು ಅಮೆರಿಕದ ಕಾರ್ಲ್ ಗಾಟ್ಶಾಕ್. ಅವರು ಬಳಸಿದ ಪ್ರಾಣಿಗಳಲ್ಲಿ ಕಾಂಗರೂ ಇಲಿಯೂ ಇತ್ತು. ಬೋಡಿಲ್ ಅವರು 1961ರಲ್ಲಿ ಸಹೋದ್ಯೋಗಿ ರಾಬರ್ಟಾ ಓಡೆಲ್ ಜೊತೆ ಬೇರೆಬೇರೆ ಪ್ರಾಣಿಗಳ ಮೂತ್ರಪಿಂಡಗಳನ್ನು ಹೋಲಿಸಿದರು. ನೀರಿನಲ್ಲೇ ಬಾಳುವ ಬೀವರ್‌ಗೆ ಒಳಭಾಗ ಗಿಡ್ಡ, ಅದರ ಮೂತ್ರ ರಕ್ತಕ್ಕಿಂತ ಎರಡು ಪಟ್ಟೂ ಗಟ್ಟಿಯಲ್ಲ. ಮರುಭೂಮಿಯ ಇಲಿಗೆ ಅದು ಉದ್ದ, ಮೂತ್ರ ಬಹಳ ಗಟ್ಟಿ.

1964ರಿಂದ ಅವರು ಕ್ಲೀವ್‌ಲ್ಯಾಂಡಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ, ಮುಂದೆ ವಿಭಾಗದ ಮುಖ್ಯಸ್ಥೆ. 1966ರಲ್ಲಿ ದಾಂಪತ್ಯ ಮುರಿಯಿತು. ಆ ನೋವನ್ನು ಇಲ್ಲಿ ಕೆದಕುವ ಅಗತ್ಯವಿಲ್ಲ. ಆದರೆ ಜಂಟಿ ಹೆಸರಿನಲ್ಲಿ ಹೆಸರಾದ ಹೆಂಗಸು ನಡುವಯಸ್ಸು ದಾಟುವಾಗ ಒಬ್ಬಳೇ ನಿಲ್ಲುವುದು ಎಲ್ಲಿಯೂ ಸುಲಭವಲ್ಲ. ಅವರು ನಿಂತರು. 1887ರಲ್ಲಿ ಹುಟ್ಟಿದ ಅಮೆರಿಕದ ಶರೀರಕ್ರಿಯಾ ವಿಜ್ಞಾನ ಸಂಘಕ್ಕೆ 1975ರಲ್ಲಿ ಮೊದಲ ಮಹಿಳಾ ಅಧ್ಯಕ್ಷೆಯಾದರು. ಮೂತ್ರಪಿಂಡದ ಒಳಗಿನ ಬಟ್ಟಲಿನಂಥ ಭಾಗ ಆಗಾಗ ಹಿಂಡಿಕೊಳ್ಳುವುದರಿಂದಲೂ ಮೂತ್ರ ಗಟ್ಟಿಯಾಗಲು ನೆರವಾಗುತ್ತದೆ ಎಂದು ಆಮೇಲಿನ ವರ್ಷಗಳಲ್ಲಿ ತೋರಿಸಿದರು. ತಂದೆತಾಯಿಯ ಜೀವನಚರಿತ್ರೆಯನ್ನೂ ಬರೆದರು. 2015ರಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ. ಮೂತ್ರಪಿಂಡದ ತೀರಾ ಒಳತುದಿಯಲ್ಲಿ ಉಪ್ಪು ಅಷ್ಟೊಂದು ಹೇಗೆ ಕೂಡುತ್ತದೆ ಎಂಬ ಪ್ರಶ್ನೆ ಇಂದಿಗೂ ಪೂರ್ತಿ ಬಿಡಿಸಿಲ್ಲ.

ಮತ್ತೆ ನಮ್ಮ ಸೀಮೆಗೆ ಬರೋಣ. ಉಸ್ಮಾನಾಬಾದಿ ಆಡು ಈ ಭಾಗದ ಹೆಸರಾಂತ ತಳಿ. ಕಡಿಮೆ ನೀರಿನಲ್ಲಿ ದಿನ ತಳ್ಳುವುದು ಆಡಿಗೆ ಗೊತ್ತು. ನಮಗೆ ಆ ವರ ಅಷ್ಟಿಲ್ಲ. ದಿನದ ಕಸವನ್ನು ಹೊರಹಾಕಲು ನಮ್ಮ ಮೂತ್ರಪಿಂಡಕ್ಕೆ, ಎಷ್ಟೇ ಜಿಪುಣತನ ಮಾಡಿದರೂ, ಅರ್ಧ ಲೀಟರ್ ನೀರು ಬೇಕೇ ಬೇಕು. ಬೆವರಿನಲ್ಲಿ ಹೋಗುವುದು ಬೇರೆ. ಮೂತ್ರ ದಿನವೂ ಅಷ್ಟು ಗಟ್ಟಿಯಾಗಿಯೇ ಇದ್ದರೆ ಅದರಲ್ಲಿ ಕರಗಿದ ಲವಣಗಳು ಹರಳುಗಟ್ಟುತ್ತವೆ. ಮುತಖಡಾ ಹುಟ್ಟುವುದು ಹಾಗೆ. ಒಮ್ಮೆ ಕಲ್ಲಾದವರು ದಿನಕ್ಕೆ ಎರಡು ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯಬೇಕೆಂದು ವೈದ್ಯರು ಹೇಳುತ್ತಾರೆ. ಮೂತ್ರ ತಿಳಿಹಳದಿ ಇದ್ದರೆ ಚಿಂತೆಯಿಲ್ಲ, ಗಾಢ ಹಳದಿಯಾದರೆ ನೀರು ಸಾಲದು ಎಂದು ತಿಳಿಯಬೇಕು. ಈಗಾಗಲೇ ಕಿಡ್ನಿ ಅಥವಾ ಹೃದಯದ ಕಾಯಿಲೆ ಇರುವವರು ಮಾತ್ರ ಎಷ್ಟು ಕುಡಿಯಬೇಕೆಂದು ತಮ್ಮ ಡಾಕ್ಟರರನ್ನೇ ಕೇಳಬೇಕು.

ಕೂಲಿಗೆ ಕರೆಯುವ ಹೊಲದವರು ಕೊಡ ನೀರು ಇಟ್ಟರೆ ಕೆಲಸ ಮುಗಿಯುವುದಿಲ್ಲ. ನಾಲ್ಕು ಗಳ ನೆಟ್ಟು, ಹಳೆಯ ಸೀರೆ ಕಟ್ಟಿ, ಒಂದು ಮರೆ ಮಾಡಿಕೊಟ್ಟರೆ ಆ ಕೊಡದ ನೀರನ್ನು ಹೆಣ್ಣುಮಕ್ಕಳೂ ಕುಡಿಯುತ್ತಾರೆ.