ನಿಮಗಿದು ಗೊತ್ತೇ? ಐಫೋನ್ ದೇವನಹಳ್ಳಿಯದು, ಆ್ಯಪ್‌ಗೆ ಮಾತ್ರ ಮ್ಯಾಕೇ ಬೇಕು

ದೇವನಹಳ್ಳಿ-ದೊಡ್ಡಬಳ್ಳಾಪುರ ಸೀಮೆಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 2025ರಲ್ಲಿ ಐಫೋನ್ 17ರ ತಯಾರಿಕೆ ಶುರುವಾಯಿತು. ಹೊಸಕೋಟೆ ದಾಟಿ ಕೋಲಾರದ ದಾರಿ ಹಿಡಿದರೆ ನರಸಾಪುರದಲ್ಲಿ ಇನ್ನೊಂದು ಐಫೋನ್ ಕಾರ್ಖಾನೆಯಿದೆ. ಅದನ್ನು ಕಟ್ಟಿದ್ದು ವಿಸ್ಟ್ರಾನ್, 2023ರಲ್ಲಿ ಕೊಂಡದ್ದು ಟಾಟಾ. ಇಷ್ಟಾದರೂ ದೇವನಹಳ್ಳಿಯ ಹುಡುಗಿಯೊಬ್ಬಳು ಆ ಫೋನಿಗೆ ಆ್ಯಪ್ ಬರೆದು ತನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲೇ ಬಿಲ್ಡ್ ಮಾಡುತ್ತೇನೆ, ಅಂದರೆ ಕೋಡನ್ನು ಓಡುವ ಆ್ಯಪ್ ಆಗಿ ಕಟ್ಟುತ್ತೇನೆ ಎಂದರೆ ಆಗದು. ಅದಕ್ಕೆ ಬೇಕಾದ ಆ್ಯಪಲ್‌ನ ತಂತ್ರಾಂಶ ಎಕ್ಸ್‌ಕೋಡ್ ಓಡುವುದು ಮ್ಯಾಕ್‌ನಲ್ಲಿ ಮಾತ್ರ. ಒಮ್ಮೆ ಬರೆದರೆ ಎಲ್ಲ ಫೋನಿಗೂ ಆಯಿತು ಅನ್ನುವ ಫ್ಲಟರ್, ರಿಯಾಕ್ಟ್ ನೇಟಿವ್‌ಗಳೂ ಐಫೋನಿನ ಕೊನೆಯ ಹಂತಕ್ಕೆ ಎಕ್ಸ್‌ಕೋಡ್ ಬಾಗಿಲಿಗೇ ಬರಬೇಕು. ಆಂಡ್ರಾಯ್ಡ್‌ಗೆ ಈ ಕಟ್ಟುಪಾಡಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದಾದರೂ ನಡೆಯುತ್ತದೆ.

ಮ್ಯಾಕ್ ಕೊಳ್ಳಲು ದುಡ್ಡಿಲ್ಲದಿದ್ದರೆ ಬಾಡಿಗೆಗೆ ಸಿಗುತ್ತದೆ. ಅಮೆಜಾನ್ ಕ್ಲೌಡಿನಲ್ಲಿ ಹಿಡಿದರೆ ಕನಿಷ್ಠ 24 ಗಂಟೆಯ ಬಾಡಿಗೆ ತೆರಬೇಕು. ಹತ್ತು ನಿಮಿಷದ ಬಿಲ್ಡ್‌ಗೂ ಅಷ್ಟೇ! 2020ರಿಂದ ಆ್ಯಪಲ್‌ನ ಲೈಸೆನ್ಸ್‌ನಲ್ಲೇ ಈ ಷರತ್ತಿದೆ.

ಬಿಲ್ಡ್ ಸಲಕರಣೆಗಳಲ್ಲಿ ಹಿರಿಯದು ‘ಮೇಕ್’. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಅದರ ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಎಂಟು ಸ್ಪೇಸ್ ಒತ್ತಿದರೆ ಕಣ್ಣಿಗೆ ಒಂದೇ ಥರ ಕಂಡರೂ ಮೇಕ್ ಒಪ್ಪದು. ಇದು ಸರಿಯಿಲ್ಲವೆಂದು ಫೆಲ್ಡ್‌ಮನ್‌ಗೆ ಬೇಗನೆ ಹೊಳೆಯಿತಂತೆ. ಅಷ್ಟರಲ್ಲಿ ಒಂದು ಡಜನ್ ಬಳಕೆದಾರರಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡವೆಂದು ಸುಮ್ಮನಾದರು. ಆ ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಐವತ್ತು ವರ್ಷಗಳಿಂದ ಜಗತ್ತೆಲ್ಲ ದಂಡ ತೆರುತ್ತಿದೆ.

ದೊಡ್ಡಬಳ್ಳಾಪುರದ ಮಗ್ಗದವರಿಗೆ ಒಂದು ಯಂತ್ರದ್ದು ಇನ್ನೊಂದಕ್ಕೆ ಒಗ್ಗದ ಫಜೀತಿಯನ್ನು ಬಿಡಿಸಿ ಹೇಳಬೇಕಿಲ್ಲ. ಜಕಾರ್ಡ್‌ನ ರಟ್ಟಿನ ಕಾರ್ಡಿನಲ್ಲಿ ತೂತಿದ್ದ ಕಡೆ ಹುಕ್ಕು ಮೇಲೇಳುತ್ತದೆ, ಇಲ್ಲದ ಕಡೆ ಇಲ್ಲ. ಹುಕ್ಕುಗಳ ಲೆಕ್ಕ ಬೇರೆಯಿರುವ ಜಕಾರ್ಡ್‌ಗೆ ಅದೇ ಕಾರ್ಡು ಹಾಕಿದರೆ ಸೀರೆಯ ಅಂಚಿನ ಹಂಸ ಹಂಸವಾಗಿ ಬರುವುದಿಲ್ಲ. ಡಿಸೈನ್ ಅದೇ ಇದ್ದರೂ ಕಾರ್ಡನ್ನು ಹೊಸದಾಗಿ ಹೊಡೆಸಬೇಕು. ಪ್ರೋಗ್ರಾಮಿನ ಸೋರ್ಸ್ ಕೋಡ್ ಡಿಸೈನ್ ಇದ್ದ ಹಾಗೆ. ವಿಂಡೋಸ್‌ನ ಇಎಕ್ಸ್‌ಇ, ಆಂಡ್ರಾಯ್ಡ್‌ನ ಎಪಿಕೆಗಳೆಲ್ಲ ಆಯಾ ಮಗ್ಗದ ಕಾರ್ಡುಗಳು.

ಬರೀ ಪಠ್ಯದ ಫೈಲಿನಲ್ಲೂ ವ್ಯತ್ಯಾಸವಿದೆ. ಸಾಲು ಮುಗಿಯಿತೆಂದು ತಿಳಿಸಲು ವಿಂಡೋಸ್ ಎರಡು ಗುಪ್ತ ಚಿಹ್ನೆ ಹಾಕುತ್ತದೆ, ಲಿನಕ್ಸ್ ಒಂದೇ. ಹಳೆಯ ಟೆಲಿಟೈಪ್ ಯಂತ್ರದಲ್ಲಿ ಗಾಡಿಯನ್ನು ಎಡಕ್ಕೆ ತಳ್ಳುವುದು ಒಂದು ಕೆಲಸ, ಕಾಗದವನ್ನು ಮೇಲಕ್ಕೆ ಸರಿಸುವುದು ಇನ್ನೊಂದು. ವಿಂಡೋಸ್ ಎರಡನ್ನೂ ಉಳಿಸಿಕೊಂಡಿತು. ಮನೆಯ ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟ್ ಕಾಲೇಜಿನ ಲಿನಕ್ಸ್ ಲ್ಯಾಬಿನಲ್ಲಿ ಮುನಿಸಿಕೊಂಡರೆ ಮೊದಲು ಈ ಗುಪ್ತ ಚಿಹ್ನೆಯನ್ನು ಹುಡುಕಿ.

‘ಎಯುಎಕ್ಸ್’ ಎಂಬ ಹೆಸರಿನ ಫೈಲನ್ನು ವಿಂಡೋಸ್ ಸಲೀಸಾಗಿ ಮಾಡಗೊಡದು. ‘ಸಿಒಎನ್’ ಕೂಡ ಅಷ್ಟೇ. ಡಾಸ್ ಕಾಲದ ಮೀಸಲಾತಿ. ಲಿನಕ್ಸ್ ಕರ್ನೆಲ್‌ನ ಸೋರ್ಸ್‌ನಲ್ಲಿ ‘ಎಯುಎಕ್ಸ್’ ಹೆಸರಿನ ಫೈಲು ಇದೆ.

ಲಿನಕ್ಸ್‌ಗೆ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ವಿಂಡೋಸ್ ಮತ್ತು ಮ್ಯಾಕ್‌ಗೆ ಸಾಮಾನ್ಯವಾಗಿ ಎರಡೂ ಒಂದೇ. ಈ ಸಣ್ಣ ವ್ಯತ್ಯಾಸದಿಂದಲೇ 2014ರ ಡಿಸೆಂಬರ್‌ನಲ್ಲಿ, ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್‌ನಲ್ಲಿ ದೊಡ್ಡ ಭದ್ರತಾ ಲೋಪ ಬಯಲಾಗಿ ತುರ್ತು ತೇಪೆ ಹಾಕಬೇಕಾಯಿತು.

ಇನ್ನು ಕನ್ನಡದ ಸೊಗಸು ನೋಡಿ. ಯೂನಿಕೋಡ್‌ನಲ್ಲಿ ‘ಹೊಸಕೋಟೆ’ಯನ್ನು 7 ಸಂಕೇತಗಳಲ್ಲಿ ಬರೆಯಬಹುದು, ಒತ್ವ, ಓತ್ವಗಳನ್ನು ಬಿಡಿಸಿಟ್ಟರೆ 10 ಆಗುತ್ತದೆ. ತೆರೆಯ ಮೇಲೆ ಕಾಣುವುದು ಒಂದೇ ಹೊಸಕೋಟೆ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಫೈಲಿನ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ. ಹಾಗಾಗಿ ಒಂದೇ ಊರಿನ ಹೆಸರು ಎರಡು ಬೇರೆ ಫೈಲುಗಳಾಗಿ, ಬಿಲ್ಡ್ ಮಧ್ಯದಲ್ಲೇ ‘ಫೈಲು ಸಿಗಲಿಲ್ಲ’ ಎಂದು ನಿಲ್ಲಬಹುದಿತ್ತು. ಇದಕ್ಕೆಂದೇ ಗಿಟ್ 2012ರಲ್ಲಿ ಒಂದು ಸೆಟ್ಟಿಂಗ್ ಸೇರಿಸಿತು. 2017ರಲ್ಲಿ ಆ್ಯಪಲ್ ಕಡತ ವ್ಯವಸ್ಥೆಯನ್ನೇ ಬದಲಿಸಿತು. ಹೊಸಕೋಟೆಯಿರುವ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ಇದೇ ಗತಿ. ಯಾವ ಯಂತ್ರದಲ್ಲಿಟ್ಟರೂ ಒಂದೇ ರೂಪದಲ್ಲಿರುವ ಭಾಗ್ಯ ನೆಲಮಂಗಲಕ್ಕೆ ಮಾತ್ರ! ಅದರಲ್ಲಿ ಬಿಡಿಸಬಹುದಾದ ಸ್ವರಚಿಹ್ನೆಯೇ ಇಲ್ಲ.

ಲಿನಕ್ಸ್‌ನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಅಂದರೆ ಇಂಗ್ಲಿಷ್‌ಗೆ 255 ಅಕ್ಷರ, ನಮಗೆ 85 ಸಂಕೇತ.

1998ರಲ್ಲಿ ಬಂದ ಕನ್ನಡ ಟೈಪಿಂಗ್ ತಂತ್ರಾಂಶ ‘ಬರಹ’ ವಿಂಡೋಸ್‌ನದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ವಿಂಡೋಸ್‌ಗೆಂದೇ ಹುಟ್ಟಿತು. ತಂತ್ರಾಂಶ ಸುಲಭವಾಗಿ ಗಡಿ ದಾಟಲಿಲ್ಲ, ಕೀಲಿಮಣೆ ದಾಟಿತು. ಲಿನಕ್ಸ್‌ನ ಕೀಬೋರ್ಡ್ ಪಟ್ಟಿ ತೆರೆದರೆ ‘ಕಗಪ’ ಹೆಸರಿನ ಕನ್ನಡ ವಿನ್ಯಾಸ ಇದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತೇ. ಅದೇ ಹೆಸರಲ್ಲಿ ಹಿಂದಿ, ಮರಾಠಿ, ತೆಲುಗು, ಸಂಸ್ಕೃತದ ವಿನ್ಯಾಸಗಳೂ ಇವೆ. ಕೀಲಿಮಣೆಯ ವಿನ್ಯಾಸ ಬರೀ ಪಟ್ಟಿ. ಅದನ್ನು ಬಿಲ್ಡ್ ಮಾಡುವ ಗೋಜಿಲ್ಲ, ಹಾಗಾಗಿ ಹೋದಲ್ಲೆಲ್ಲ ನೆಲೆಯಾಯಿತು.

ಎಲ್ಲ ಕಡೆ ಬಿಲ್ಡ್ ಮಾಡಲು ಇಂದು ಹೆಚ್ಚು ಬಳಕೆಯಲ್ಲಿರುವ ಸೀಮೇಕ್ ಹುಟ್ಟಿದ್ದು ವೈದ್ಯಕೀಯ ಚಿತ್ರಗಳ ತಂತ್ರಾಂಶಕ್ಕಾಗಿ. 2000ದ ಸುಮಾರಿಗೆ ಅಮೆರಿಕದ ಕಿಟ್‌ವೇರ್ ಕಂಪನಿ ಮಾಡಿತು, ಹಣ ಕೊಟ್ಟದ್ದು ಅಲ್ಲಿನ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ. ಅದರ ಭಾಷೆ ಕರ್ಕಶ ಎಂದು ಬೈಯದವರಿಲ್ಲ, ಬಿಟ್ಟವರೂ ಹೆಚ್ಚಿಲ್ಲ.

ಮೊದಲು ಹೇಳಿದ ದೇವನಹಳ್ಳಿಯ ಹುಡುಗಿಗೆ ಒಂದು ದಾರಿಯಿದೆ. ಕೋಡನ್ನು ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿಟ್ಟರೆ ಗಿಟ್‌ಹಬ್‌ನದೇ ವಿಂಡೋಸ್, ಲಿನಕ್ಸ್, ಮ್ಯಾಕ್ ಯಂತ್ರಗಳಲ್ಲಿ ಪುಕ್ಕಟೆಯಾಗಿ ಬಿಲ್ಡ್ ಮಾಡಿಸಿ ನೋಡಬಹುದು. ಕನ್ನಡದ ಆ್ಯಪ್ ಬರೆಯುತ್ತಿರುವವರು ಮೊದಲ ದಿನದಿಂದಲೇ ಮೂರರಲ್ಲೂ ಓಡಿಸಿ, ಪರೀಕ್ಷೆಗೆ ‘ಹೊಸಕೋಟೆ’ ಹೆಸರಿನದೊಂದು ಫೈಲೂ ಇರಲಿ.