ಒಂದೆಲಗಕ್ಕೆ ತೇವ ಬೇಕು, ಕೊಚ್ಚೆಯಲ್ಲ

‘ಒಂದೆಲಗಕ್ಕೆ ನೀರು ಜಾಸ್ತಿ ಬೇಕು, ಬಚ್ಚಲ ನೀರು ಹರಿಯುವಲ್ಲಿ ನೆಟ್ಟುಬಿಡಿ, ತಾನಾಗಿ ಹಬ್ಬುತ್ತದೆ.’ ಈ ಸಲಹೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಬ್ಬುವುದೇನೋ ನಿಜ. ಆದರೆ ಆ ಎಲೆಯನ್ನು ಕೊಯ್ದು, ತೆಂಗಿನಕಾಯಿ, ಜೀರಿಗೆ, ಕಾಳುಮೆಣಸಿನ ಜತೆ ಹಸಿಯಾಗಿಯೇ ರುಬ್ಬಿ, ಮಜ್ಜಿಗೆ ಬೆರೆಸಿ ಮಕ್ಕಳಿಗೆ ತಂಬುಳಿ ಬಡಿಸುತ್ತೇವಲ್ಲ!

ಬಳ್ಳಿಯನ್ನೊಮ್ಮೆ ಎತ್ತಿ ನೋಡಿ. ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಮಣ್ಣು ಕಚ್ಚಿರುತ್ತದೆ, ಎಲೆಯ ತೊಟ್ಟು ಅಲ್ಲಿಂದಲೇ ಏಳುತ್ತದೆ. ಕೆಸರು ಸಿಡಿದರೆ ನೇರವಾಗಿ ಎಲೆಗೇ ತಾಗುತ್ತದೆ. ಮಲ ಬೆರೆತ ಕೊಳಚೆಯಲ್ಲಿ ಬರುವ ಜಂತುಹುಳುವಿನ ಮೊಟ್ಟೆಗಳು ಅಂಟಿಕೊಳ್ಳುವ ಜಾತಿಯವು, ನೆರಳಿನ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಉಪ್ಪುನೀರಿನಲ್ಲಿ ನೆನೆಸಿದರೆ ಅವು ಸಾಯುವುದಿಲ್ಲ, ಕುದಿಸಿದರೆ ಸಾಯುತ್ತವೆ. ತಂಬುಳಿಗೆ ನಾವು ಎಲೆ ಕುದಿಸುವುದಿಲ್ಲ. ಇನ್ನು ಗ್ಯಾರೇಜು, ಕಾರ್ಖಾನೆಗಳ ನೀರು ಸೇರುವ ಕಾಲುವೆ, ಕೆರೆಯಂಚಿನ ಒಂದೆಲಗವಾದರೆ ಸೀಸ, ಕ್ಯಾಡ್ಮಿಯಂಗಳು ಬೇರಿನಿಂದ ಎಲೆಯ ಒಳಗೇ ಸೇರಿರುತ್ತವೆ. ಅವು ತೊಳೆದರೂ ಹೋಗವು, ಕುದಿಸಿದರೂ ಹೋಗವು.

‘ನಮ್ಮಜ್ಜಿ ಬಚ್ಚಲ ಹಿಂದಿನಿಂದಲೇ ಕೊಯ್ಯುತ್ತಿದ್ದರು’ ಎನ್ನುವವರಿದ್ದಾರೆ. ಅಜ್ಜಿಯ ಬಚ್ಚಲಿಂದ ಹರಿಯುತ್ತಿದ್ದದ್ದು ಸೀಗೆಪುಡಿ, ಕಡಲೆಹಿಟ್ಟು, ಬೂದಿ ಬೆರೆತ ನೀರು. ನಮ್ಮದರಲ್ಲಿ ಡಿಟರ್ಜೆಂಟ್, ಬ್ಲೀಚು, ನೆಲ ಒರೆಸುವ ಫಿನಾಯಿಲ್ ಎಲ್ಲ ಇರುತ್ತವೆ. ಮೇಲಾಗಿ ಅಜ್ಜಿಯ ಕಾಲದಲ್ಲೂ ಮಕ್ಕಳ ಹೊಟ್ಟೆಯಲ್ಲಿ ಜಂತುಹುಳು ಇತ್ತು. ಇಂದಿಗೂ ಇರುವುದರಿಂದಲೇ 2015ರಿಂದ ಫೆಬ್ರುವರಿ 10ರಂದು ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಿದ್ದಾರೆ.

ಅಗಲವಾದ ಒಂದು ಟಬ್ಬು, ತಳದಲ್ಲಿ ತೂತು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ ಮಣ್ಣು, ಅರೆನೆರಳು, ಕುಡಿಯಲು ಯೋಗ್ಯವಾದ ನೀರು: ಇಷ್ಟಿದ್ದರೆ ಬೇರಿರುವ ಒಂದು ಗಿಣ್ಣು ಸಾಕು. ಮಣ್ಣು ಒಣಗಬಾರದು, ಅಷ್ಟೇ. ನೀರು ನಿಲ್ಲಿಸಿದರೆ ಸೊಳ್ಳೆಗೆ ಮನೆಯಾಗುತ್ತದೆ. ಕೊಯ್ಯುವಾಗ ಬಲಿತ ಎಲೆಗಳನ್ನು ತೊಟ್ಟಿನೊಂದಿಗೆ ಕತ್ತರಿಸಿ, ಬಳ್ಳಿಯನ್ನು ಕೀಳಬೇಡಿ.

ಉಳಿದ ತಪ್ಪುಗಳನ್ನು ಬೇಗ ಮುಗಿಸುತ್ತೇನೆ. ದುಂಡಗಿನ ಎಲೆಯದ್ದೆಲ್ಲ ಒಂದೆಲಗವಲ್ಲ: ಒಂದೆಲಗದ ತೊಟ್ಟು ಎಲೆಯ ಸೀಳಿಗೆ ಸೇರುತ್ತದೆ, ಕೊಡೆಯಂತೆ ಎಲೆಯ ನಡುವಿಗೆ ಸೇರಿದ್ದರೆ ಅದು ಬೇರೆ ಗಿಡ. ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಎಂದೇ ಕರೆಯುತ್ತಾರೆ, ಆದರೆ ದಪ್ಪ ಪುಟ್ಟ ಎಲೆಗಳ ನೀರುಬ್ರಾಹ್ಮಿ ಬೇರೆ ಕುಟುಂಬದ್ದು, ಒಂದೆಲಗ ಕೊತ್ತಂಬರಿಯ ಕುಟುಂಬದ್ದು. ಪರೀಕ್ಷೆಯ ಹಿಂದಿನ ವಾರ ತಿಂದರೆ ನೆನಪು ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಸಂತೆಯಲ್ಲಿ ಹರಿವೆ ಸೊಪ್ಪು ಕೊಳ್ಳುವಾಗ ‘ಮೋರಿ ನೀರಲ್ಲಿ ಬೆಳೆದದ್ದಾ?’ ಎಂದು ಕೇಳುವ ನಾವೇ, ಔಷಧಿ ಎಂಬ ಹೆಸರು ಬಿದ್ದ ಕೂಡಲೇ ಬಾಯಿ ಮುಚ್ಚುತ್ತೇವೆ. ನಿಸರ್ಗ ಕೊಟ್ಟದ್ದು, ಹಿರಿಯರು ಹೇಳಿದ್ದು, ವಾಟ್ಸಾಪಿನಲ್ಲಿ ಬಂದದ್ದು ಎಂದರೆ ಸಾಕು, ಯೋಚನೆಯೇ ನಿಂತುಹೋಗುತ್ತದೆ. ಕಾಯಿಲೆಯವರಿಗೂ ಮಕ್ಕಳಿಗೂ ಕೊಡುವ ಸೊಪ್ಪಿನ ಬಗ್ಗೆ ಇನ್ನೂ ಹೆಚ್ಚು ವಿಚಾರಿಸಬೇಕಿತ್ತು. ಯಾರಾದರೂ ಒಂದೆಲಗ ಕೊಟ್ಟರೆ, ಅದು ಯಾವ ನೀರಿನಲ್ಲಿ ಬೆಳೆದದ್ದು ಎಂದು ಸಂಕೋಚಪಡದೆ ಕೇಳಿ.